ಗಾಲಿಯ ಹಿಂದೆ ಮೂರು ಮಿಲಿಮೀಟರ್ ಜಾಗ

ಬ್ರೇಕಿನ ಕೆಲಸಕ್ಕೆ ಸೇರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಯಾರೂ ಹೊಗಳುವುದಿಲ್ಲ. ಎಂಜಿನ್ ಕೆಲಸದವನ ಹತ್ತಿರ ಗಿರಾಕಿಗಳು ಬಂದು, ಗಾಡಿ ಈಗ ಕುದುರೆಯ ಹಾಗೆ ಓಡುತ್ತದೆ ಎಂದು ಪೇಢೆ ಕೊಟ್ಟು ಹೋಗುತ್ತಾರೆ. ಗಾಡಿ ಚೆನ್ನಾಗಿ ನಿಂತಿತು ಎಂದು ಪೇಢೆ ತಂದವರನ್ನು ನಾನು ಮೂವತ್ತೊಂದು ವರ್ಷದಲ್ಲಿ ಕಂಡಿಲ್ಲ. ನಿಲ್ಲದಿದ್ದಾಗ ಮಾತ್ರ ನಮ್ಮ ಹೆಸರು ಎಲ್ಲರಿಗೂ ನೆನಪಾಗುತ್ತದೆ.

ನಾನು ಬೈಲಹೊಂಗಲದ ಕಡೆಯವನು, ಹೆಸರು ಈರಣ್ಣ. ಪುಣೆಗೆ ಬಂದು ಖಡಕಿಯ ಒಂದು ಗ್ಯಾರೇಜಿನಲ್ಲಿ ಪಾನಾ, ಅಂದರೆ ಸ್ಪ್ಯಾನರ್, ಹಿಡಿದವನು ಅಲ್ಲಿಯೇ ನಿವೃತ್ತನಾದೆ. ಯಾವಾಗ ಹೆಡ್ ಮೆಕ್ಯಾನಿಕ್ ಆದೆ ಎಂದು ಕೇಳಬೇಡಿ, ನನಗೂ ಸರಿಯಾಗಿ ನೆನಪಿಲ್ಲ. ಒಂದು ದಿನ ಬಂದು ನೋಡಿದರೆ ನಾನು ಕೂರುವ ಸ್ಟೂಲಿನ ಜಾಗದಲ್ಲಿ ಬೆನ್ನಿರುವ ಕುರ್ಚಿ ಇತ್ತು. ಬಡ್ತಿ ಅಂದರೆ ಅಷ್ಟೇ.

ಗ್ಯಾರೇಜಿನ ಮಾಲಕರು ತೀರಿಕೊಂಡ ಮೇಲೆ ಅವರ ಹೆಂಡತಿ ಬಂದು ಕೂತರು. ನಾವೆಲ್ಲ ಅವರನ್ನು ವಹಿನಿ ಎನ್ನುತ್ತಿದ್ದೆವು, ನಮ್ಮ ಕಡೆಯ ಅತ್ತಿಗೆಯೇ ಮರಾಠಿಯಲ್ಲಿ ವಹಿನಿ. ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವರು. ಮನೆಮಾತು ಮರಾಠಿಯಾದರೂ ಕನ್ನಡ ಚೆನ್ನಾಗಿ ಬರುತ್ತಿತ್ತು. ಆದರೆ ಕನ್ನಡವನ್ನು ನನ್ನನ್ನು ಬಯ್ಯುವುದಕ್ಕೆ ಮಾತ್ರ ಬಳಸುತ್ತಿದ್ದರು, ಉಳಿದ ಕೆಲಸಗಾರರಿಗೆ ತಿಳಿಯಬಾರದೆಂದು. ಇದು ಅವರ ದೊಡ್ಡ ಗುಣ. ಉಳಿದವರಿಗೆ ಮಾತು ತಿಳಿಯದಿದ್ದರೂ ನನ್ನ ಮುಖ ನೋಡಿದರೆ ವಿಷಯ ತಿಳಿಯುತ್ತಿತ್ತು, ಅದು ಬೇರೆ ಮಾತು.

ಅವರು ಬಂದ ಮೊದಲ ವಾರ, ಜೀವನದಲ್ಲಿ ಒಮ್ಮೆಯೂ ಬಾನೆಟ್ ಎತ್ತದ ಹೆಂಗಸಿಗೆ ನಾವೇ ಎಲ್ಲ ಕಲಿಸಬೇಕು ಎಂದುಕೊಂಡಿದ್ದೆ. ಆ ವಾರವೇ ಒಂದು ಕಾರಿಗೆ ಹೊಸ ಕ್ಯಾಲಿಪರ್ ಕೂರಿಸುವ ಕೆಲಸ ಬಂತು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಗಾಲಿಯ ಜೊತೆ ತಟ್ಟೆಯಂತಹ ಒಂದು ಡಿಸ್ಕ್ ತಿರುಗುತ್ತದೆ. ಪೆಡಲ್ ಒತ್ತಿದಾಗ ಆ ತಟ್ಟೆಯನ್ನು ಎರಡೂ ಬದಿಯಿಂದ ಇಕ್ಕಳದಂತೆ ಹಿಡಿಯುವುದೇ ಕ್ಯಾಲಿಪರ್. ಅದರ ನೆತ್ತಿಯ ಮೇಲೆ ಒಂದು ಸಣ್ಣ ಮೂತಿ ಇರುತ್ತದೆ. ಬ್ರೇಕ್ ಆಯಿಲ್ ತುಂಬಿದ ಮೇಲೆ ಒಳಗೆ ಉಳಿದ ಗಾಳಿಯನ್ನು ಅಲ್ಲಿಂದ ಹೊರಗೆ ಬಿಡಬೇಕು. ನಾನು ಎಲ್ಲ ಬಿಗಿದೆ, ಗಾಳಿ ತೆಗೆದೆ, ಪೆಡಲ್ ಒತ್ತಿದೆ. ಇಡ್ಲಿ ಒತ್ತಿದ ಹಾಗಾಯಿತು. ಮತ್ತೆ ತೆಗೆದೆ, ಮತ್ತೆ ಇಡ್ಲಿ. ಮಧ್ಯಾಹ್ನದವರೆಗೆ ಇದೇ ನಡೆಯಿತು. ಆಯಿಲ್ ಸರಿಯಿಲ್ಲ ಎಂದೆ, ಪೈಪು ಸರಿಯಿಲ್ಲ ಎಂದೆ, ಕೊನೆಗೆ ಹವಾಮಾನ ಸರಿಯಿಲ್ಲ ಎಂದೆ.

ವಹಿನಿ ಕೈಯಲ್ಲಿ ಚಹಾ ಹಿಡಿದು ಬಂದು ಬಗ್ಗಿ ನೋಡಿದರು.

"ಈರಣ್ಣಾ, ಈ ಚಹಾದ ಹಬೆ ಮ್ಯಾಲ ಹೋಗ್ತದೋ, ಕೆಳಗ ಹೋಗ್ತದೋ?"

"ಮ್ಯಾಲ ಹೋಗ್ತದ್ರಿ."

"ಮತ್ತ ಆ ಮೂತಿ ಯಾಕ ನೆಲಾ ನೋಡಾಕತ್ತದ?"

ಎಡಗಡೆಯ ಕ್ಯಾಲಿಪರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದ್ದೆ. ಮೂತಿ ತಲೆಕೆಳಗಾಗಿತ್ತು. ಗಾಳಿ ಮೇಲ್ಗಡೆ ಹಾಯಾಗಿ ಕೂತು ನನ್ನ ಕಷ್ಟ ನೋಡುತ್ತಿತ್ತು. ಅಂದಿನಿಂದ ವಹಿನಿಗೆ ಕಲಿಸುವ ವಿಚಾರ ಬಿಟ್ಟೆ.

ಆಮೇಲಿನ ವರ್ಷಗಳಲ್ಲಿ ಐಟಿ ಕಂಪನಿಗಳಿರುವ ಹಿಂಜವಾಡಿಯ ಕಡೆಯಿಂದ ಹೊಸ ತರಹದ ಗಿರಾಕಿಗಳು ಬರತೊಡಗಿದರು. ಇವರಿಗೆ ದೊಡ್ಡ ಗಾಡಿಯ ದೊಡ್ಡ ಕ್ಯಾಲಿಪರ್ ಬೇಕು, ಆದರೆ ಈಗಿರುವ ಅಲಾಯ್ ಗಾಲಿ ಬದಲಾಗಬಾರದು. ಅಂದರೆ ಅಂಗಿ ಅದೇ ಇರಬೇಕು, ಅದರ ಕಿಸೆಯಲ್ಲಿ ತೆಂಗಿನಕಾಯಿ ಹಿಡಿಸಬೇಕು. "ಹದಿನೇಳು ಇಂಚಿನ ಗಾಲಿ, ಆರಾಮಾಗಿ ಕೂರುತ್ತೆ" ಎನ್ನುತ್ತಾರೆ. ಇಂಚು ಹೇಳುವುದು ಗಾಲಿಯ ಅಡ್ಡಳತೆಯ ಕಥೆ ಮಾತ್ರ. ಸ್ಪೋಕಿನ ಹಿಂಬದಿಯ ಹೊಟ್ಟೆ ಎಷ್ಟು ಒಳಕ್ಕೆ ಬಂದಿದೆ ಎಂದು ಯಾವ ನಂಬರೂ ಹೇಳುವುದಿಲ್ಲ. ಕ್ಯಾಲಿಪರ್ ಹೋಗಿ ತಗಲುವುದು ಅಲ್ಲಿಯೇ.

ಅದನ್ನು ಅಳೆಯಲು ನಾನು ಮೊದಲು ಬಳಸಿದ್ದು ಕಣಕ. ಹೌದು, ಚಪಾತಿಯದೇ. ಕ್ಯಾಲಿಪರಿನ ಬೆನ್ನಿಗೆ ಕಣಕ ಮೆತ್ತಿ, ಗಾಲಿ ಹಾಕಿ, ಕೈಯಿಂದ ನಿಧಾನ ಒಂದು ಸುತ್ತು ತಿರುಗಿಸಿ, ಬಿಚ್ಚಿ ನೋಡಿದರೆ ಸ್ಪೋಕ್ ಒತ್ತಿ ಬಿಟ್ಟಷ್ಟು ಕಣಕದ ದಪ್ಪ ಉಳಿದಿರುತ್ತದೆ. ಅಷ್ಟೇ ನಮ್ಮ ಜಾಗ. ಜೋಳದ ಹಿಟ್ಟು ಇದಕ್ಕೆ ಆಗುವುದಿಲ್ಲ, ಬಿರಿಯುತ್ತದೆ. ನನ್ನ ಹೆಂಡತಿ ದಿನಾ ಬೆಳಿಗ್ಗೆ ಡಬ್ಬಿಯ ಜೊತೆ ಒಂದು ಉಂಡೆ ಕಟ್ಟಿ ಕೊಡುತ್ತಿದ್ದಳು. "ಗಾಡಿಗೆ ಬಿಸಿ ಕಣಕ, ನಿಮಗ ನಿನ್ನಿ ರೊಟ್ಟಿ. ಯಾರ ಸಂಸಾರ ಮಾಡಾಕತ್ತೀನಿ ನಾ?" ಎಂದು ಕೇಳುತ್ತಿದ್ದಳು. ನಂತರ ಮಕ್ಕಳು ಆಡುವ ಬಣ್ಣದ ಮಣ್ಣು ಬಂತು, ಆಮೇಲೆ ರಟ್ಟಿನಲ್ಲಿ ಕತ್ತರಿಸಿದ ಅಳತೆ ಬಂತು, ಈಗ ಕಂಪ್ಯೂಟರಿನಲ್ಲೇ ಗಾಲಿಯ ಹೊಟ್ಟೆ ಬಿಡಿಸಿ ತೋರಿಸುತ್ತಾರೆ. ನಾನು ಅದಕ್ಕೆ ವಿರುದ್ಧವಿಲ್ಲ. ಆದರೆ ಕಣಕ ಯಾವತ್ತೂ ಹ್ಯಾಂಗ್ ಆಗಿಲ್ಲ.

ಇಷ್ಟೆಲ್ಲ ಆದ ಮೇಲೂ ಕೊನೆಯ ಪರೀಕ್ಷೆ ವಹಿನಿಯ ಡ್ರಾವರಿನಲ್ಲಿತ್ತು. ಮೂರು ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಪಟ್ಟಿ, ಅವರ ಯಜಮಾನರು ಮಾಡಿಸಿದ್ದು. ಕ್ಯಾಲಿಪರ್ ಮತ್ತು ಸ್ಪೋಕಿನ ನಡುವೆ ಆ ಪಟ್ಟಿ ಎಲ್ಲೂ ತಡೆಯದೆ ಹೋಗಬೇಕು. ಬ್ರೇಕು ಕಾದಾಗ, ತಿರುವಿನಲ್ಲಿ ಭಾರ ಬಿದ್ದಾಗ, ಗಾಲಿಯೂ ಒಂದಿಷ್ಟು ಬಾಗುತ್ತದೆ. ಆ ಬಾಗುವಿಕೆಗೆ ಬಿಟ್ಟ ಜಾಗ ಅದು. ಪಟ್ಟಿ ಹೋಗದಿದ್ದರೆ ಗಾಡಿ ಹೊರಗೆ ಹೋಗುವಂತಿಲ್ಲ.

ಶ್ರೀವತ್ಸ ಬಂದದ್ದು ನಾನು ನಿವೃತ್ತನಾಗುವ ಹಿಂದಿನ ವರ್ಷ. ಮೈಸೂರಿನ ಹುಡುಗ, ಹಿಂಜವಾಡಿಯಲ್ಲಿ ಕೆಲಸ. ಬೂದು ಬಣ್ಣದ ಕಾರು. ಅದರ ಅಲಾಯ್ ಗಾಲಿಗಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯುತ್ತಿದ್ದ. ಬ್ರೇಕಿನ ಬಗ್ಗೆ ಮೊಬೈಲಿನಲ್ಲಿ ಎಷ್ಟು ವಿಡಿಯೋ ನೋಡಿದ್ದನೆಂದರೆ, ನನಗೆ ಅವನು ಹೇಳಿಕೊಡುತ್ತಿದ್ದ. ಡಿಕ್ಕಿಯಿಂದ ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್ ಎರಡು, ದೊಡ್ಡ ಡಿಸ್ಕ್ ಎರಡು ತೆಗೆದು, ಹಸುಗೂಸನ್ನು ಮಲಗಿಸುವಂತೆ ನನ್ನ ಬೆಂಚಿನ ಮೇಲೆ ಮಲಗಿಸಿದ.

"ಕೆಂಪ ಯಾಕ್ರಿ?" ಎಂದೆ.

"ಸ್ಪೋಕ್ ಮಧ್ಯದಿಂದ ಕಾಣಬೇಕಲ್ವಾ ಈರಣ್ಣೋರೇ."

"ಯಾರಿಗೆ ಕಾಣಬೇಕು?"

ಹುಡುಗ ನಾಚಿಕೊಂಡ. ಭಾನುವಾರ ಧಾರವಾಡದಲ್ಲಿ ಅವನ ನಿಶ್ಚಿತಾರ್ಥ. ಶನಿವಾರ ಬೆಳಿಗ್ಗೆ ಅವನ ಚಿಕ್ಕಮ್ಮನ ಜೊತೆ ಇದೇ ಕಾರಿನಲ್ಲಿ ಹೊರಡಬೇಕು. ಅಂದು ಶುಕ್ರವಾರ. ನಿಶ್ಚಯ ಮುಗಿಸಿ ಬರ್ರಿ, ಆಮೇಲೆ ಮಾಡೋಣ ಎಂದು ನಾನು ಒಮ್ಮೆ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಈರಣ್ಣನ ಕೈಯಲ್ಲಿ ಕೂರದ ಕ್ಯಾಲಿಪರ್ ಇಲ್ಲ ಎಂದು ಅವನಿಗೆ ಯಾರೋ ಹೇಳಿದ್ದರಂತೆ, ಅದನ್ನು ಅವನು ನನಗೆ ಹೇಳಿದ. ಇಂಥ ಮಾತು ಕೇಳಿದ ಮೇಲೆ ಎರಡನೇ ಸಲ ಬುದ್ಧಿ ಹೇಳುವುದು ಯಾರಿಗಾದರೂ ಕಷ್ಟ.

ಕೆಲಸ ಚೆನ್ನಾಗಿಯೇ ಆಯಿತು. ಮೂತಿಗಳೂ ಮೇಲೆಯೇ ನೋಡುತ್ತಿದ್ದವು. ಬಲಗಡೆ ಪಟ್ಟಿ ಸಲೀಸಾಗಿ ಹೋಯಿತು. ಎಡಗಡೆ ನಾಲ್ಕು ಸ್ಪೋಕ್ ದಾಟಿ ಐದನೆಯದರಲ್ಲಿ ನಿಂತಿತು. ಅಚ್ಚಿನಲ್ಲಿ ಆ ಒಂದು ಸ್ಪೋಕು ಕೂದಲೆಳೆಯಷ್ಟು ದಪ್ಪ ಬಂದಿರಬೇಕು. ನನ್ನ ಲೆಕ್ಕಕ್ಕೆ ಅರ್ಧ ಮಿಲಿಮೀಟರ್ ಕಡಿಮೆ. ಈಗ ಎಲ್ಲ ಬಿಚ್ಚಿ ಹಳೆಯದನ್ನು ಹಾಕಬೇಕು. ಹುಡುಗ ಪಕ್ಕದಲ್ಲೇ ನಿಂತು, ಇವರೇ ನಮ್ಮ ಬ್ರೇಕ್ ಗುರುಗಳು ಎಂದು ಹೇಳುತ್ತ ನನ್ನ ವಿಡಿಯೋ ತೆಗೆಯುತ್ತಿದ್ದ. ಮೊಬೈಲಿನ ಕಡೆಗೊಮ್ಮೆ ನೋಡಿ ನಾನು ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಕ್ಯಾಲಿಪರ್ ತುಸು ಒಳಕ್ಕೆ ಸರಿದು, ಪಟ್ಟಿ ಹೋಯಿತು.

ಪಟ್ಟಿ ವಾಪಸು ಕೊಡುವಾಗ ವಹಿನಿ ಕೇಳಿದರು. "ತಾನಾಗೇ ಹೋತೇನು?"

"ಹೋತ್ರಿ," ಎಂದೆ.

ಮೂವತ್ತು ವರ್ಷದಲ್ಲಿ ಅನೇಕ ತಪ್ಪು ಮಾಡಿದ್ದೇನೆ, ಆದರೆ ತಪ್ಪೆಂದು ಗೊತ್ತಿದ್ದೇ ಮಾಡಿದ್ದು ಅದೊಂದು. ಮನೆಗೆ ಹೋಗಿ ಊಟ ಮಾಡಿದೆ. ಹೆಂಡತಿ ಎರಡನೇ ರೊಟ್ಟಿ ಹಾಕಲು ಬಂದಳು. ಸಾಕು ಎಂದೆ.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಫೋನ್ ಬಂತು. "ಈರಣ್ಣೋರೇ, ಖಂಬಾಟಕಿ ಘಾಟಿನ ಕೆಳಗಡೆ ಇದೀವಿ. ಮುಂದಿನ ಎಡಗಡೆ ವೀಲ್ ಒಡೆದುಹೋಗಿದೆ. ಸ್ಟೆಪ್ನಿ ಹಾಕೋಕೆ ಹೋದ್ರೆ ಕೂರ್ತಾನೇ ಇಲ್ಲ."

ಎಡಗಡೆ. ನನ್ನ ಕ್ಯಾಲಿಪರೇ ಸ್ಪೋಕನ್ನು ತಿಂದಿತು ಎಂದುಕೊಂಡೆ. ಸ್ಟೆಪ್ನಿಯ ಮಾತು ಆಮೇಲೆ ತಲೆಗೆ ಹೊಕ್ಕಿತು. ಅದು ಕಬ್ಬಿಣದ್ದು, ಎರಡು ಇಂಚು ಸಣ್ಣದು. ಹೊಸ ಕ್ಯಾಲಿಪರಿನ ಮೇಲೆ ಅದು ಕೂರುವುದು ಸಾಧ್ಯವೇ ಇರಲಿಲ್ಲ. ಹಾಕಿ ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಯಾರಿಗೂ ಏಟಾಗಿಲ್ಲ ತಾನೇ ಎಂದು ಕೇಳಿದೆ. ಇಲ್ಲ ಎಂದ. ಅಲ್ಲೇ ಇರ್ರಿ, ಬಂದೆ ಎಂದು ಫೋನ್ ಇಟ್ಟು, ಅವನ ಗಾಡಿಯಿಂದ ಬಿಚ್ಚಿಟ್ಟ ಹಳೆಯ ಕ್ಯಾಲಿಪರ್ ಎರಡನ್ನೂ ಚೀಲಕ್ಕೆ ಹಾಕಿಕೊಂಡೆ. ವಹಿನಿಗೆ, ಶ್ರೀವತ್ಸನ ಗಾಡಿ ನಿಂತದ, ಹೋಗಿ ಬರ್ತೀನಿ ಎಂದಷ್ಟೇ ಹೇಳಿದೆ.

ಸ್ವಾರಗೇಟಿನಲ್ಲಿ ಸಾತಾರಾ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಆ ಐದನೇ ಸ್ಪೋಕು. ಘಾಟಿನ ಕೆಳಗಲ್ಲದೆ ಘಾಟಿನ ತಿರುವಿನಲ್ಲಿ ಒಡೆದಿದ್ದರೆ ಎಂದು ಒಂದು ಯೋಚನೆ ಬರುತ್ತಿತ್ತು, ಅದನ್ನು ಆಚೆಗೆ ತಳ್ಳುತ್ತಿದ್ದೆ, ಮತ್ತೆ ಬರುತ್ತಿತ್ತು. ಶಿರವಳ ದಾಟುವಾಗ ಇನ್ನೊಂದು ಹೊಳೆಯಿತು. ಹಳೆಯ ಕ್ಯಾಲಿಪರ್ ಕೂರಬೇಕಾದರೆ ಹಳೆಯ ಸಣ್ಣ ಡಿಸ್ಕೂ ಬೇಕು. ಅವನ್ನು ನಾನು ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದೆ. ಇಕ್ಕಳ ತಂದಿದ್ದೆ, ಹಿಡಿಯಬೇಕಾದ ತಟ್ಟೆ ಇರಲಿಲ್ಲ.

ಒಂದು ಧಾಬಾದ ಮುಂದೆ ಬೂದು ಕಾರು ಕಂಡಿತು. ನಾಲ್ಕೂ ಗಾಲಿಯ ಮೇಲೆ ನೆಟ್ಟಗೆ ನಿಂತಿತ್ತು. ಶ್ರೀವತ್ಸ ಕೈ ತೊಳೆಯುತ್ತಿದ್ದ.

"ಹಿಂದಿನ ಬ್ರೇಕು ಹಳೇದೇ ಅಲ್ವಾ? ಅದಕ್ಕೆ ಹಿಂದಿನ ಅಲಾಯ್ ಬಿಚ್ಚಿ ಮುಂದಕ್ಕೆ ಹಾಕಿದೆ, ಸ್ಟೆಪ್ನಿ ಹಿಂದಕ್ಕೆ ಹಾಕಿದೆ. ಕೂತ್ಕೊಳ್ತು. ನಿಮಗೆ ಫೋನ್ ಮಾಡಿದೆ, ತಗೊಳ್ಳಲಿಲ್ಲ," ಎಂದ.

ನನ್ನ ಫೋನು ಕ್ಯಾಲಿಪರುಗಳ ಕೆಳಗೆ ಚೀಲದ ತಳದಲ್ಲಿತ್ತು. ವಿಡಿಯೋ ನೋಡಿ ಮೆಕ್ಯಾನಿಕ್ ಆದವನೆಂದು ನಾನು ನಕ್ಕಿದ್ದ ಹುಡುಗ ಅರ್ಧ ಗಂಟೆಯಲ್ಲಿ ಮಾಡಿದ್ದು, ಮೂವತ್ತು ವರ್ಷದ ಅನುಭವ ಹೊತ್ತು ಬಸ್ಸಿನಲ್ಲಿ ಬಂದ ನನಗೆ ಹೊಳೆದಿರಲಿಲ್ಲ.

ಆದರೆ ನಾನು ಬಂದದ್ದು ಬೇರೆ ಕೆಲಸಕ್ಕೆ. ಒಡೆದ ಗಾಲಿ ಎಲ್ಲಿ ಎಂದೆ. ಡಿಕ್ಕಿ ತೆಗೆದ. ಅಂಚು ಒಂದು ಗೇಣು ಮುರಿದು ಹೋಗಿತ್ತು, ಟೈರು ಸೀಳಿತ್ತು. ದೊಡ್ಡ ಹೊಂಡದಲ್ಲಿ ಬಿದ್ದ ಗುರುತು. ಗಾಲಿಯನ್ನು ಮಗುಚಿ, ಐದೂ ಸ್ಪೋಕುಗಳ ಹಿಂಬದಿಯ ಮೇಲೆ ಬೆರಳಾಡಿಸಿದೆ. ಒಂದು ಗೀರೂ ಇರಲಿಲ್ಲ. ಬಣ್ಣ ಕೂಡ ಸವೆದಿರಲಿಲ್ಲ. ಎರಡನೇ ಸಲ ಆಡಿಸಿ ನೋಡಿದೆ. ಆಮೇಲೆ ಅಲ್ಲೇ ಧಾಬಾದ ಹೊರಸಿನ ಮೇಲೆ ಕೂತೆ.

ಅಲ್ಲಿ ಸುಮ್ಮನಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಹೊಂಡದ ತಪ್ಪು, ನನ್ನದಲ್ಲ. ಆದರೆ ಹುಡುಗ ನನಗೆ ಚಹಾ ತರಿಸಿ, "ಇಷ್ಟು ದೂರ ಬಂದ್ರಲ್ಲ, ಯಾರು ಬರ್ತಾರೆ ಹೀಗೆ" ಎಂದ. ಅದನ್ನು ಕೇಳಿಕೊಂಡು ಚಹಾ ಕುಡಿಯಲಾಗಲಿಲ್ಲ.

"ನಿನ್ನೆ ನಿಮಗ ಮೂರು ಮಿಲಿಮೀಟರ್ ಅಂತ ಹೇಳೀನಿ. ಒಂದು ಸ್ಪೋಕಿನಾಗ ಅಷ್ಟು ಇಲ್ಲ. ಎರಡೂವರಿ ಅದ. ನನಗ ಗೊತ್ತಿತ್ತು," ಎಂದೆ.

ಅವನು ತಿರುಗಿ ಕಾರಿನ ಮುಂದಿನ ಗಾಲಿಯನ್ನು ನೋಡಿದ. ಮುಖದ ನಗು ಹೋಯಿತು. ಮಾತಾಡಿದ್ದು ಪಕ್ಕದಲ್ಲಿ ಕೂತಿದ್ದ ಅವನ ಚಿಕ್ಕಮ್ಮ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಈಗ ಮುಂದೆ ಹಾಕಿರೋ ಚಕ್ರದಲ್ಲಿ ಎಷ್ಟಿದೆ?"

"ನೋಡಬೇಕ್ರಿ. ಅಳತಿ ಪಟ್ಟಿ ಅಲ್ಲೇ ಅದ."

"ತಗಲತ್ತಾ?"

"ನಿಧಾನ ಹೋದ್ರ ತಗಲೂದಿಲ್ರಿ."

"ಅಷ್ಟು ಗ್ಯಾರಂಟಿ ಇದ್ರೆ ನೀವೂ ಬನ್ನಿ. ಆ ಚಕ್ರದ ಮೇಲಿನ ಸೀಟಲ್ಲೇ ಕೂತ್ಕೊಳ್ಳಿ."

ನಾನು ಎಷ್ಟೋ ಸಾಹೇಬರ ಕೈಕೆಳಗೆ ಬೈಸಿಕೊಂಡಿದ್ದೇನೆ. ಇಷ್ಟು ಸರಿಯಾದ ಶಿಕ್ಷೆ ಯಾರೂ ಕೊಟ್ಟಿರಲಿಲ್ಲ. ಧಾಬಾದವನ ಹತ್ತಿರ ಕಣಕ ಕೇಳಿ ಇಸಿದುಕೊಂಡು ಅಳತೆ ನೋಡಿದೆ. ಈ ಗಾಲಿಯಲ್ಲಿ ತುಸು ಹೆಚ್ಚೇ ಇತ್ತು, ಆದರೂ ಮೂರಕ್ಕೆ ಬರಲಿಲ್ಲ. ಎಡಗಡೆ ಮುಂದಿನ ಸೀಟಿನಲ್ಲಿ ಕೂತು, ಮಡಿಲಲ್ಲಿ ಹಳೆಯ ಕ್ಯಾಲಿಪರುಗಳನ್ನು ಇಟ್ಟುಕೊಂಡು ಧಾರವಾಡದ ಕಡೆಗೆ ಹೊರಟೆ. ಪ್ರತಿ ಐವತ್ತು ಕಿಲೋಮೀಟರಿಗೆ ಇಳಿದು ಬೆರಳಾಡಿಸಿದೆ. ಕೊಲ್ಹಾಪುರ ದಾಟುವ ಹೊತ್ತಿಗೆ ಹುಡುಗ ಮತ್ತೆ ಮಾತಾಡತೊಡಗಿದ. ನಿಪ್ಪಾಣಿಯ ಹತ್ತಿರ ಅವನೇ ಇಳಿದು ಬಂದು, ನಾನೂ ನೋಡ್ತೀನಿ ಎಂದು ಬೆರಳು ಹಾಕಿದ.

ಭಾನುವಾರ ಬೆಳಿಗ್ಗೆ ಹೆಣ್ಣಿನ ಮನೆಯ ಮುಂದೆ, ಶ್ರೀವತ್ಸ ಕೊಟ್ಟ ಹೊಸ ಅಂಗಿಯಲ್ಲಿ ನಾನು ಮತ್ತೊಮ್ಮೆ ಗಾಲಿಯ ಹಿಂದೆ ಬಗ್ಗಿದ್ದೆ. ಗಂಡಿನ ಕಡೆಯವರೆಂದು ಯಾರೋ ಬಂದು ನನಗೆ ಕುಂಕುಮ ಹಚ್ಚಿ ಹೋಗಿದ್ದರು. ತಲೆ ಎತ್ತಿದರೆ ರೇಷ್ಮೆ ಸೀರೆ ಉಟ್ಟ ಹುಡುಗಿ ಮೆಟ್ಟಿಲ ಮೇಲೆ ನಿಂತಿದ್ದಳು. ಮೇಘಾ, ಅವಳೇ ಹೆಣ್ಣು.

"ಕಾಕಾ, ಏನ್ ನೋಡಾಕತ್ತೀರಿ?"

"ಬ್ರೇಕ್ ನೋಡಾಕತ್ತೀನವಾ."

"ಸರಿ ಅದಾವೇನ್ರಿ?"

ಬಾಗಿಲಲ್ಲಿ ಅವಳ ಅಪ್ಪ, ಒಳಗೆ ಎರಡೂ ಕಡೆಯ ಹಿರಿಯರು, ನನ್ನ ಹಿಂದೆ ಶ್ರೀವತ್ಸ. ಹಾಂ ಸರಿ ಅದಾವ ಎನ್ನುವುದು ಬಹಳ ಸುಲಭವಿತ್ತು. ಶುಭ ಕಾರ್ಯ, ಎಲ್ಲರೂ ನಗುತ್ತ ಒಳಗೆ ಹೋಗುತ್ತಿದ್ದರು.

"ಒಂದಿಷ್ಟು ಕಮ್ಮಿ ಅದ ಜಾಗ. ತಪ್ಪು ನಂದು, ಇವರದಲ್ಲ. ಪುಣೆಕ್ಕ ಹೋಗಿ ಸರಿ ಮಾಡಿ ಕೊಡ್ತೀನಿ."

ಅವಳು ನನ್ನನ್ನೊಮ್ಮೆ, ಶ್ರೀವತ್ಸನನ್ನೊಮ್ಮೆ ನೋಡಿದಳು. "ನಿಮಗ ಗೊತ್ತಿತ್ತೇನ್ರಿ?" ಎಂದು ಅವನನ್ನು ಕೇಳಿದಳು.

"ನಿನ್ನೆ ಗೊತ್ತಾಯ್ತು. ಅದಕ್ಕೇ ಅರವತ್ತರ ಸ್ಪೀಡಲ್ಲೇ ಬಂದೆ," ಎಂದ.

"ಅರವತ್ತರಾಗ?" ಎಂದಳು. "ಅಪ್ಪಾ, ಹುಡುಗ ಚಲೋ ಇದ್ದಾನ." ಮೆಟ್ಟಿಲ ಮೇಲಿನವರೆಲ್ಲ ನಕ್ಕರು. ಕೆಂಪು ಬಣ್ಣದ ಕ್ಯಾಲಿಪರನ್ನು ಅವಳು ಕೊನೆಗೂ ನೋಡಲೇ ಇಲ್ಲ.

ಪುಣೆಗೆ ಬಂದು ವಹಿನಿಗೆ ಎಲ್ಲ ಹೇಳಿದೆ. ಅವರು ಕನ್ನಡದಲ್ಲಿ ಬಯ್ಯಲಿಲ್ಲ, ಮರಾಠಿಯಲ್ಲಿ ಬೈದರು, ಎಲ್ಲ ಕೆಲಸಗಾರರ ಮುಂದೆ. ನನಗೆ ತಕ್ಕದ್ದೇ. ಬೈದು ಮುಗಿಸಿ, ಈಗ ಹೇಗೆ ಸರಿ ಮಾಡುತ್ತೀ ಎಂದು ಕೇಳಿದರು. ಸ್ಪೋಕನ್ನಾಗಲಿ ಕ್ಯಾಲಿಪರನ್ನಾಗಲಿ ಉಜ್ಜಿ ತೆಳ್ಳಗೆ ಮಾಡುವವರಿದ್ದಾರೆ, ನೀವು ಎಂದೂ ಹಾಗೆ ಮಾಡಬೇಡಿ, ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲ. ನಾವು ಭೋಸರಿಯ ಲೇತಿನಲ್ಲಿ ಐದು ಮಿಲಿಮೀಟರಿನ ಬಿಲ್ಲೆಗಳನ್ನು ಮಾಡಿಸಿದೆವು. ಗಾಲಿ ಕೂರುವ ಜಾಗದಲ್ಲಿ ಬಿಲ್ಲೆ ಇಟ್ಟರೆ ಗಾಲಿ ಅಷ್ಟು ಹೊರಕ್ಕೆ ಸರಿಯುತ್ತದೆ. ಬಿಲ್ಲೆಯ ನಡುವೆ ಗಾಲಿಯ ತೂತಿಗೆ ಕಚ್ಚಿ ಕೂರುವ ತುಟಿ ಇರಬೇಕು, ಇಲ್ಲದಿದ್ದರೆ ಗಾಲಿ ಓಲಾಡುತ್ತದೆ. ಬೋಲ್ಟುಗಳೂ ಅಷ್ಟೇ ಉದ್ದವಾಗಬೇಕು, ಇಲ್ಲದಿದ್ದರೆ ನಟ್ಟಿಗೆ ಹಿಡಿತ ಸಾಲದು. ಎರಡನ್ನೂ ಮಾಡಿದೆವು. ಒಡೆದ ಗಾಲಿಯ ಬದಲಿಗೆ ಅದೇ ಅಚ್ಚಿನ ಎರಡು ಅಲಾಯ್ ತಂದು, ಒಂದನ್ನು ಸ್ಟೆಪ್ನಿಯ ಗೂಡಿನಲ್ಲಿಟ್ಟೆವು. ಪಟ್ಟಿ ಹಾಕಿ ನೋಡಿದ್ದು ನಾನಲ್ಲ, ವಹಿನಿ. ಆಮೇಲೆ ನಮ್ಮಲ್ಲಿ ಒಂದು ಹೊಸ ನಿಯಮ ಬಂತು: ಮುಂದೆ ಏನೇ ಕೂರಿಸಿದರೂ ಮೊದಲು ಸ್ಟೆಪ್ನಿ ಹಾಕಿ ನೋಡುವುದು.

ಗಾಡಿ ತೆಗೆದುಕೊಂಡು ಹೋಗಲು ಇಬ್ಬರೂ ಬಂದರು. ಅದೇ ಅಚ್ಚಿನ ಅಲಾಯ್ ಸಿಗುವಷ್ಟರಲ್ಲಿ ಮದುವೆಯೂ ಆಗಿತ್ತು. ಬೀಗದ ಕೈ ಶ್ರೀವತ್ಸನಿಗೆ ಕೊಡಲು ಹೋದೆ, ಮೇಘಾ ಕೈ ಚಾಚಿದಳು.

"ನಾ ಹೊಡಿತೀನಿ. ಕಾಕಾ, ನೀವು ಮುಂದ ಕೂಡ್ರಿ."

ಶ್ರೀವತ್ಸ ತಾನಾಗಿಯೇ ಹಿಂದೆ ಹೋಗಿ ಕೂತ. ಖಡಕಿ ಬಜಾರಿನ ರಸ್ತೆ, ಬೆಳಗಿನ ಹತ್ತು ಗಂಟೆ. ನಮ್ಮ ಮುಂದಿದ್ದ ಕಂಪನಿ ಬಸ್ಸಿನವನು ಯಾರನ್ನೋ ಕಂಡು, ಕೈ ತೋರಿಸದೆ, ನಡುರಸ್ತೆಯಲ್ಲಿ ಗಕ್ಕನೆ ನಿಲ್ಲಿಸಿದ. ಮೇಘಾ ಒತ್ತಿದಳು. ಬೆಲ್ಟು ನನ್ನ ಎದೆಯನ್ನು ಹಿಡಿಯಿತು. ಕಾರು ಬಸ್ಸಿನಿಂದ ಮೊಳಕ್ಕೂ ಹೆಚ್ಚು ದೂರ ಬಿಟ್ಟು, ಒಂದಿಷ್ಟೂ ಪಕ್ಕಕ್ಕೆ ಎಳೆಯದೆ, ನೆಟ್ಟಗೆ ನಿಂತಿತು. ಎಲ್ಲೂ ಏನೂ ಉಜ್ಜಿದ ಸದ್ದಿಲ್ಲ. ನಾನು ಕಿವಿಗೊಟ್ಟು ಕೂತಿದ್ದೆ.

ಅವಳು ನನ್ನ ಕಡೆ ತಿರುಗಿದಳು.

"ಇನ್ನೊಮ್ಮೆ ಜೋರಿಲೆ ಒತ್ತಿ ನೋಡ್ಲೇನ್ರಿ ಕಾಕಾ?"

"ಸಾಕವಾ," ಎಂದೆ, "ನಿಂತದ."

ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಅವಳಿಗೆ ಮಾತ್ರ ಅವಸರವಿರಲಿಲ್ಲ.